ತಕ್ಕಡಿ ಟೀಚರ್

ನಮ್ಮ ಶಾಲೆಯ ಇತಿಹಾಸದ ಟೀಚರಿಗೆ ಒಮ್ಮೆ ನೂರಮೂರು ಡಿಗ್ರಿ ಜ್ವರವಿತ್ತು. ಆದರೂ ಅವರು ಬಂದು, ಕತ್ತಿನವರೆಗೆ ಗುಂಡಿ ಹಾಕಿದ ಬೂದು ಬಣ್ಣದ ಉದ್ದ ಕೋಟಿನೊಳಗೆ ಗಡಗಡ ನಡುಗುತ್ತ, ಏಳನೆಯ ತರಗತಿಗೆ ರೋಮ್ ಸಾಮ್ರಾಜ್ಯದ ಪತನವನ್ನು ಪಾಠ ಮಾಡಿದರು. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು, "ಮನೆಗೆ ಹೋಗಿ ಮಲ್ಕೊಳ್ಳಿ ಮೇಡಂ, ರೋಮ್ ನಾಳೆ ಬಿದ್ರೂ ನಡೆಯುತ್ತೆ" ಅಂದರೆ, "ನಾಳೆ ಬೇಕಾದ್ರೆ ಹೋಗ್ತೀನಿ ಸರ್, ಇವತ್ತು ಬೇಡ" ಅಂದರು. ಅವತ್ತು ಒಂದು ಮತದವರ ಸಣ್ಣ ಹಬ್ಬ. ಶಾಲೆಗೆ ರಜೆಯಿರಲಿಲ್ಲ, ಆ ಮತದವರು ಅರ್ಜಿ ಕೊಟ್ಟು ಮನೆಯಲ್ಲಿರಬಹುದಿತ್ತು. ಆ ಒಂದು ದಿನ ತಮ್ಮ ಕುರ್ಚಿ ಖಾಲಿ ಕಂಡರೆ ಇವರು ಆ ಮತದವರೇ ಎಂದು ಮಕ್ಕಳು ಲೆಕ್ಕ ಹಾಕಿಬಿಡುತ್ತಾರೆ ಎಂಬುದೇ ಅವರಿಗೆ ಜ್ವರಕ್ಕಿಂತ ದೊಡ್ಡ ಚಿಂತೆ. ಅದು ಅವರ ಹಬ್ಬವೇ ಆಗಿರಲಿಲ್ಲವೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಪ್ರಾಚೀನ ಮತ್ತು ಮಧ್ಯಯುಗದ ಇತಿಹಾಸದ ಜೊತೆಗೆ ಪ್ರಪಂಚದ ಮತಗಳ ಪರಿಚಯವೂ ಅವರ ಪಾಲಿಗೆ ಬಂದಿತ್ತು. ಹನ್ನೆರಡು ವರ್ಷದ ಮಕ್ಕಳಿಗೆ ಇದನ್ನು ಕಲಿಸುವುದು ಕತ್ತಿಯ ಅಲುಗಿನ ಮೇಲಿನ ನಡಿಗೆ. ಸುಮೇರಿಯಾದ ದೇವತೆಗಳ ಬಗ್ಗೆ ಏನು ಹೇಳಿದರೂ ಯಾರ ಮನೆಯಿಂದಲೂ ದೂರು ಬರುವುದಿಲ್ಲ, ಅವರನ್ನು ಪೂಜಿಸಿದವರು ಮಣ್ಣಾಗಿ ಸಾವಿರಾರು ವರ್ಷಗಳಾದವು. ಜೀವಂತ ಮತಗಳಾದರೋ ಎದುರಿನ ಬೆಂಚಿನಲ್ಲೇ ಕುಳಿತು ಕಣ್ಣು ಪಿಳಿಪಿಳಿ ಬಿಡುತ್ತಿರುತ್ತವೆ. ಆದ್ದರಿಂದ ಪ್ರತಿ ಮತಕ್ಕೂ ಆರೇ ಪೀರಿಯಡ್. ಕ್ರೀಡಾದಿನವೋ ಇನ್ನೇನೋ ಬಂದು ಒಂದಕ್ಕೆ ಖೋತಾ ಬಿದ್ದರೆ ಶನಿವಾರ ಮಧ್ಯಾಹ್ನ ಮಕ್ಕಳನ್ನು ಹಿಡಿದು ಕೂರಿಸಿ ತುಂಬಿಕೊಡುತ್ತಿದ್ದರು. ಗೋಡೆಗೆ ಪ್ರಾರ್ಥನಾ ಮಂದಿರಗಳ ಚಿತ್ರಪಟ ಬರೆದುಕೊಟ್ಟವನು ಡ್ರಾಯಿಂಗ್ ಮೇಷ್ಟ್ರಾದ ನಾನು. ಎಲ್ಲವೂ ಒಂದೇ ಅಳತೆ, ಒಂದೇ ಎತ್ತರ. ಒಮ್ಮೆ ಚಿನ್ನದ ಬಣ್ಣ ಸ್ವಲ್ಪ ಉಳಿದಿತ್ತೆಂದು ಒಂದು ಪಟದ ಗೋಪುರಕ್ಕೆ ಬಳಿದಿದ್ದೆ. ಅವರು ಅದನ್ನು ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಮೇಷ್ಟ್ರೇ. ಈಗ ಮಿಕ್ಕಿದ್ದಕ್ಕೂ ಹಚ್ಚಿ, ಇಲ್ಲಾ ಇದನ್ನ ಅಳಿಸಿ" ಅಂದರು. ಮಿಕ್ಕಿದ್ದಕ್ಕೆ ಹಚ್ಚಲು ನನಗೊಂದು ಪೂರಾ ರಜಾದಿನ ಹಿಡಿಯಿತು. ಮಕ್ಕಳು ಅವರನ್ನು ತಕ್ಕಡಿ ಟೀಚರ್ ಎಂದು ಕರೆಯುತ್ತಿದ್ದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಸತ್ತುಹೋದ ಕಾಲವನ್ನು ಹೇಳುವಾಗ ಅವರು ಬೇರೆಯೇ ವ್ಯಕ್ತಿ. ಪ್ರತಿ ಮಗುವಿಗೂ ಒಂದೊಂದು ಮುದ್ದೆ ಜೇಡಿಮಣ್ಣು ಕೊಟ್ಟು, ಚೂಪು ಕಡ್ಡಿಯಿಂದ ಸುಮೇರಿಯಾದವರ ಬೆಣೆಯಾಕಾರದ ಅಕ್ಷರ ಒತ್ತಿಸುತ್ತಿದ್ದರು. ಮಧ್ಯಯುಗದ ಗ್ರಂಥ ನಕಲುಗಾರರ ಪಾಠದ ದಿನ ಇಡೀ ತರಗತಿ ತುಟಿಪಿಟಕ್ಕೆನ್ನದೆ ಒಂದು ಪುಟ ನಕಲು ಮಾಡಬೇಕಿತ್ತು, ಒಂದಕ್ಷರ ತಪ್ಪಿದರೂ ಮೊದಲಿಂದ. ಪಾಠ ಜೀವಂತ ಮತಗಳ ಕಡೆ ತಿರುಗಿತೋ, ಅವರ ಕೈ ತಾನಾಗಿ ಕೋಟಿನ ಮೇಲ್ಗುಂಡಿಗೆ ಹೋಗುತ್ತಿತ್ತು, ದನಿ ಸಮತಟ್ಟಾಗುತ್ತಿತ್ತು, ಪ್ರತಿ ಮೂರನೆಯ ವಾಕ್ಯ "ನಂಬುವವರು ಹೀಗೆ ಹೇಳ್ತಾರೆ" ಎಂದೇ ಶುರುವಾಗುತ್ತಿತ್ತು. "ಮಿಸ್, ನೀವು ಯಾರ ಕಡೆ?" ಎಂದು ಒಬ್ಬ ಎದ್ದು ನಿಂತು ಕೇಳಿದ್ದಕ್ಕೆ, "ನಾನು ಹಾಜರಿ ಪುಸ್ತಕದ ಕಡೆ, ಕೂತ್ಕೋ" ಅಂದಿದ್ದರಂತೆ. ಕೋಟಿನಿಂದ ಏನೂ ಕಾಣುತ್ತಿರಲಿಲ್ಲ. ಹೆಸರಿನಿಂದಲೂ ತಿಳಿಯುತ್ತಿರಲಿಲ್ಲ, ಅದು ಯಾರ ಮನೆಯಲ್ಲಿ ಬೇಕಾದರೂ ಇಡಬಹುದಾದ ಎರಡಕ್ಷರದ ಹೆಸರು.

ಇದು ಹುಟ್ಟುಗುಣವಲ್ಲ. ಒಂದು ವರ್ಷದ ಕೊನೆಯಲ್ಲಿ ಚಿತ್ರಪಟಗಳನ್ನು ಇಳಿಸಿ ಧೂಳು ಒರೆಸುವಾಗ ಅವರೇ ಹೇಳಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಾನು ಈ ಊರಿಗೆ ಬರುವ ಮೊದಲು, ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದು, "ಮಿಸ್, ಅವರದನ್ನ ಹೇಳುವಾಗ ನಿಮ್ಮ ಮುಖ ನಗ್ತಾ ಇತ್ತು. ನಮ್ಮದನ್ನ ಪುಸ್ತಕ ನೋಡ್ಕೊಂಡು ಹೇಳಿದ್ರಿ" ಅಂದಳಂತೆ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದು ದೊಡ್ಡವರು ಜಗಳಕ್ಕೆ ಬಂದಿದ್ದರೆ ವಾದಿಸಬಹುದಿತ್ತು. ಆ ಹುಡುಗಿ ಸಿಟ್ಟಿಲ್ಲದೆ, ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು. ಟೀಚರ್ ವಾರವಾರ ಪ್ರಾರ್ಥನೆಗೆ ಹೋಗುತ್ತಿದ್ದ ಮಂದಿರದ ಎದುರಿಗೇ ಅವಳ ಮನೆ. ಆ ವಾರ ಇವರು ಹೋಗಲಿಲ್ಲ.

"ಆ ಹುಡುಗಿ ಶಾಲೆ ಬಿಡೋವರೆಗೆ ಹೋಗೋದು ಬೇಡ ಅಂದ್ಕೊಂಡಿದ್ದೆ ಮೇಷ್ಟ್ರೇ. ಆಮೇಲೆ ಪ್ರತಿ ವರ್ಷ ಹೊಸ ಮಕ್ಕಳು ಬರ್ತಾನೇ ಇದ್ರು."

ಯಾವ ಮಂದಿರವೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅವರಿಗಿದ್ದ ಒಬ್ಬ ತಮ್ಮ ದೂರದೂರಿನಲ್ಲಿದ್ದ, ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ. ಮಧ್ಯಾಹ್ನದ ಊಟದ ಡಬ್ಬಿಯನ್ನು ಅವರು ಖಾಲಿ ತರಗತಿಯಲ್ಲಿ, ಆ ಪಟಗಳ ಕೆಳಗೆ ಕುಳಿತು ಒಬ್ಬರೇ ತೆರೆಯುತ್ತಿದ್ದರು. ಶಾಲೆಯಿಂದ ಮನೆಗೆ ಹತ್ತು ನಿಮಿಷದ ದಾರಿ. ಆ ದಾರಿಯಲ್ಲಿ ಮೂರು ಮಂದಿರಗಳಿದ್ದವು, ಯಾವುದರ ಮುಂದೆಯೂ ಹೆಜ್ಜೆ ನಿಧಾನವಾಗಬಾರದೆಂದು ಅವರು ಗೋದಾಮುಗಳ ಹಿಂದಿನ ರಸ್ತೆ ಹಿಡಿದು ಇಪ್ಪತ್ತೈದು ನಿಮಿಷ ನಡೆಯುತ್ತಿದ್ದರು. ಇನ್ನು ಸ್ಟಾಫ್ ರೂಮಿನಲ್ಲಿ, ಯಾವ ಮತದ ಹಬ್ಬ ಬಂದರೂ ಆ ಮತದವರ ಮನೆಯ ಸಿಹಿಯ ಡಬ್ಬಿ ಮೊದಲು ಅವರ ಮುಂದೆ ಬರುತ್ತಿತ್ತು, ಏಕೆಂದರೆ ಎಲ್ಲರೂ ಅವರನ್ನು ಬೇರೆ ಮತದವರೆಂದೇ ತಿಳಿದಿದ್ದರು. ಸಿಹಿ ಎಲ್ಲ ಕಡೆಯಿಂದಲೂ ಬಂತು. "ನಿಮಗೂ ಹಬ್ಬದ ಶುಭಾಶಯ" ಎಂದು ಇಪ್ಪತ್ತಾರು ವರ್ಷಗಳಲ್ಲಿ ಒಬ್ಬರೂ ಹೇಳಲಿಲ್ಲ. ನನ್ನ ಹೆಂಡತಿಯೂ ನಮ್ಮ ಹಬ್ಬಕ್ಕೆ ಒಂದು ಡಬ್ಬಿ ಕಳಿಸುತ್ತಿದ್ದಳು.

ಒಂದು ಮಧ್ಯಾಹ್ನ ಬಣ್ಣದ ಡಬ್ಬ ಮರೆತಿದ್ದೇನೆಂದು ಅವರ ತರಗತಿಗೆ ವಾಪಸು ಹೋದೆ. ಅವರು ಕಪ್ಪುಹಲಗೆ ಒರೆಸುತ್ತ ಬೆನ್ನು ತಿರುಗಿಸಿ ನಿಂತು ಏನೋ ಗುನುಗುತ್ತಿದ್ದರು. ದನಿ ಎಷ್ಟು ಮೃದುವಾಗಿತ್ತೆಂದರೆ, ಪಾಠ ಹೇಳುವ ಗಂಟಲು ಇದೇ ಎಂದು ನಂಬಲಾಗಲಿಲ್ಲ. ಆ ಹಾಡನ್ನು ನಮ್ಮಮ್ಮ ನನ್ನನ್ನು ಮಲಗಿಸುವಾಗ ಹಾಡುತ್ತಿದ್ದಳು. ಅದು ನಮ್ಮ ಪ್ರಾರ್ಥನೆಯ ಹಾಡು, ನಮ್ಮ ಮತದವರಲ್ಲದೆ ಬೇರೆ ಯಾರೂ ಹಾಡುವುದಿಲ್ಲ. ನನ್ನ ಹೆಜ್ಜೆಯ ಸದ್ದಿಗೆ ಅವರು ತಟ್ಟನೆ ನಿಲ್ಲಿಸಿ ಕತ್ತಿನ ಗುಂಡಿ ಮುಟ್ಟಿಕೊಂಡರು. ಏನೂ ಕೇಳಿಸದವನಂತೆ ನಾನು ಬಣ್ಣದ ಡಬ್ಬ ತೆಗೆದುಕೊಂಡು ಬಂದೆ. ಅದಾದ ಮೇಲೂ ಪ್ರತಿ ವರ್ಷ, ಅವರದೇ ಹಬ್ಬದ ಸಿಹಿಯನ್ನು ಪರರಿಗೆ ಕೊಡುವಂತೆ ಅವರಿಗೆ ಕೊಟ್ಟೆ. "ನಿಮ್ಮ ಮನೆಯವರಿಗೆ ಥ್ಯಾಂಕ್ಸ್ ಹೇಳಿ" ಎಂದು ಅವರು ತೆಗೆದುಕೊಂಡರು. ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಅವರು ನಿವೃತ್ತರಾದ ಮುಂದಿನ ವಾರ ಫೋನ್ ಬಂತು. "ಮೇಷ್ಟ್ರೇ, ನೀವು ಪ್ರಾರ್ಥನೆಗೆ ಹೋಗುವಾಗ ನಾನೂ ಬರ್ಲಾ? ಒಬ್ಬಳೇ ಹೋಗೋಕೆ ಏನೋ ಅಂಜಿಕೆ." ಅಂದರೆ ಅವತ್ತು ನನಗೆ ಕೇಳಿಸಿತ್ತೆಂಬುದು ಅವರಿಗೂ ಗೊತ್ತಿತ್ತು.

ಕೋಟಿಲ್ಲದೆ ಬಂದಿದ್ದರು. ಅವರ ಕತ್ತನ್ನು ನಾನು ನೋಡಿದ್ದು ಅದೇ ಮೊದಲು; ಬಿಸಿಲು ಕಾಣದೆ ಮುಖಕ್ಕಿಂತ ಬಿಳುಪಾಗಿತ್ತು. ಮಂದಿರದ ಬಾಗಿಲಲ್ಲಿ ಬಂದವರನ್ನು ಬರಮಾಡಿಕೊಳ್ಳುತ್ತಿದ್ದವಳು ನಮ್ಮದೇ ಶಾಲೆಯ ಹಳೆಯ ವಿದ್ಯಾರ್ಥಿನಿ, ಈಗ ಎರಡು ಮಕ್ಕಳ ತಾಯಿ. ಅವಳ ಮುಖ ಅರಳಿತು. "ಮಿಸ್‌ಗೆ ತೋರಿಸೋಕೆ ಕರ್ಕೊಂಡು ಬಂದ್ರಾ ಸರ್? ಒಳ್ಳೇದು ಮಾಡಿದ್ರಿ. ಬನ್ನಿ ಮಿಸ್, ನಾನೇ ಎಲ್ಲಾ ಹೇಳ್ತೀನಿ."

"ಇವರು ನಮ್ಮವರೇ ಕಣಮ್ಮ" ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಟೀಚರ್ ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು, ಬೇಡ ಎಂದು.

ಅವಳು ಅವರ ಕೈ ಹಿಡಿದು ಒಳಗೆಲ್ಲ ಸುತ್ತಿಸಿದಳು. "ಇಲ್ಲಿ ಸ್ವಲ್ಪ ಹೊತ್ತು ಮೌನವಾಗಿ ನಿಲ್ಬೇಕು ಮಿಸ್. ನಂಬುವವರು ಏನು ಹೇಳ್ತಾರೆ ಅಂದ್ರೆ..." ಎಂದು ಶುರುಮಾಡಿ ತಾನೇ ನಕ್ಕಳು. "ನೋಡಿ, ನೀವು ಹೇಳಿಕೊಟ್ಟ ಹಾಗೇ ಬಾಯಿಗೆ ಬರುತ್ತೆ." ಟೀಚರ್ ಪ್ರತಿ ಮಾತಿಗೂ "ಹೌದಾ" ಎನ್ನುತ್ತ, ಶ್ರದ್ಧೆಯ ವಿದ್ಯಾರ್ಥಿನಿಯಂತೆ ಕೇಳಿದರು. ಹಿಂದಿನ ಗೋಡೆಯ ಪಕ್ಕ ಅತಿಥಿಗಳಿಗೆಂದು ನಾಲ್ಕು ಕುರ್ಚಿಗಳಿದ್ದವು. ಅವರನ್ನು ಅಲ್ಲಿ ಕೂರಿಸಿದಳು. ನಾನು ನನ್ನ ಎಂದಿನ ಜಾಗ ಬಿಟ್ಟು ಪಕ್ಕದಲ್ಲಿ ಕೂತೆ. ಆ ಹಾಡು ಬಂತು. ಎಲ್ಲರೂ ಹಾಡಿದರು. ಟೀಚರ ತುಟಿ ಬಿಗಿದೇ ಇತ್ತು, ಬೆರಳು ಮಾತ್ರ ಮಂಡಿಯ ಮೇಲೆ ತಾಳ ತಪ್ಪದೆ ಬಡಿಯುತ್ತಿತ್ತು. ಅವಳು ಬಗ್ಗಿ ಅವರ ಕಿವಿಯಲ್ಲಿ ಹಾಡಿನ ಅರ್ಥ ಹೇಳುತ್ತಿದ್ದಳು.

ಹೊರಡುವಾಗ ಅವಳು ಕೇಳಿದಳು: "ನಿಮ್ಮಲ್ಲಿ ಹೇಗೆ ಮಾಡ್ತಾರೆ ಮಿಸ್?"

"ಹೆಚ್ಚು ಕಡಿಮೆ ಹೀಗೇ ಕಣಮ್ಮ" ಅಂದರು ಟೀಚರ್.

ದಾರಿಯಲ್ಲಿ, ಒಂದು ಮಾತು ಹೇಳಬಹುದಿತ್ತಲ್ಲ, ಈಗೇನು ಪಾಠವೇ ಪರೀಕ್ಷೆಯೇ ಎಂದೆ. "ಅವಳ ಜೊತೆ ಕೂತು ಪಾಠ ಕೇಳಿದ ಮಿಕ್ಕ ಮಕ್ಕಳು ಈ ಊರಲ್ಲೇ ಇದಾರೆ ಮೇಷ್ಟ್ರೇ. ಗೊತ್ತಾದ್ರೆ, ನಾನು ಹೇಳಿದ್ದನ್ನೆಲ್ಲ ಮತ್ತೆ ತೂಗಿ ನೋಡ್ತಾರೆ" ಅಂದರು. ಸ್ವಲ್ಪ ದೂರ ನಡೆದ ಮೇಲೆ, "ಎಷ್ಟು ಚೆನ್ನಾಗಿ ಕಲಿತಿದಾಳೆ, ಒಂದು ಮಾತೂ ತಪ್ಪಿಲ್ಲ" ಎಂದು ಕಣ್ಣೊರೆಸಿಕೊಂಡರು. ನಮ್ಮದು ಯಾವ ಮತವೆಂದು ನಾನೂ ಇಲ್ಲಿ ಬರೆಯುವುದಿಲ್ಲ.

ಈಗಲೂ ವಾರವಾರ ಬರುತ್ತಾರೆ, ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಲೋಕದಲ್ಲಿ ಇಂಥವರು ಕೆಲವರಿರುತ್ತಾರೆ, ಬೇರೆ ಬೇರೆ ಕಸುಬುಗಳಲ್ಲಿ: ಎಲ್ಲರ ಮನೆಯ ಬಾಗಿಲನ್ನೂ ಒಂದೇ ಗೌರವದಿಂದ ತೋರಿಸಬೇಕೆಂದು ಹೊರಟು, ತಮ್ಮ ಮನೆಯ ಬಾಗಿಲಿಗೆ ಬಂದಾಗಲೂ ಯಾರಾದರೂ "ಬನ್ನಿ" ಅನ್ನಲೆಂದು ಹೊರಗೇ ನಿಲ್ಲುವವರು. ಅವರ ನ್ಯಾಯವನ್ನು ನಾವು ಮೆಚ್ಚುತ್ತೇವೆ, ಅವರ ತಕ್ಕಡಿಯನ್ನು ನಂಬುತ್ತೇವೆ. ಅವರಿಗೂ ಒಂದು ಹಬ್ಬವಿರಬಹುದೆಂಬುದು ಮಾತ್ರ ನಮಗೆ ಹೊಳೆಯುವುದಿಲ್ಲ. ಹೊಳೆದ ಮೇಲೂ, ನನ್ನ ಹಾಗೆ, ಸಿಹಿಯ ಡಬ್ಬಿಯೊಂದನ್ನು ಮುಂದೆ ಹಿಡಿದು ಸುಮ್ಮನಾಗುತ್ತೇವೆ.