ಅಂಗಡಿಯಲ್ಲಿದ್ದ ಹಾಡು

“ಹಾಗಾದ್ರೆ ಅಪ್ಪನ್ನ ಕತ್ತರಿಸಿ ಬಿಸಾಕ್ಲಾ, ಚಿಕ್ಕಮ್ಮ?” ಮಗಳು ಕಂಪ್ಯೂಟರಿನಿಂದ ಕೈ ತೆಗೆದಳು.

ಅಪ್ಪ ಪಕ್ಕದ ಕುರ್ಚಿಯಲ್ಲೇ ಇದ್ದರು. ಜೀವಮಾನವೆಲ್ಲ ಊರವರ ಕೂದಲು ಕತ್ತರಿಸಿದವರು. ಈ ಮಾತಿಗೆ ನಕ್ಕರು. ನಗುವಿಗೆ ಸದ್ದಿರಲಿಲ್ಲ. ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಉಳಿದಿದ್ದು ಮಗಳು ತೆಗೆದ ಈ ಪುಟ್ಟ ಚಿತ್ರದಲ್ಲಿ ಮಾತ್ರ. ಅದರಲ್ಲೂ ಬಾಯಿ ತುಂಬ ಮಾತಾಡಿದ್ದು ಒಂದೇ ದೃಶ್ಯದಲ್ಲಿ, ಅಂಗಡಿಯಲ್ಲಿ ಗಿರಾಕಿಯ ಗಡ್ಡ ಹೆರೆಯುತ್ತಾ. ಹಾಳು ರೇಡಿಯೋದಲ್ಲಿ ಆಗಲೇ ಒಂದು ಸಿನಿಮಾ ಹಾಡು ಬರಬೇಕೆ! ಹಾಡಿನ ಅನುಮತಿ ತನ್ನಿ, ಇಲ್ಲವೇ ದೃಶ್ಯ ತೆಗೆಯಿರಿ ಎಂದು ಚಿತ್ರೋತ್ಸವದವರು ಪಟ್ಟು ಹಿಡಿದಿದ್ದರು. ಹಾಡಿನ ಹಕ್ಕು ಇದ್ದವರು ಫೋನೇ ಎತ್ತುತ್ತಿರಲಿಲ್ಲ.

“ಕ್ಯಾಮೆರಾ ಹಿಡ್ಕೊಂಡು ತಿರುಗೋದೂ ಒಂದು ಕೆಲ್ಸಾನಾ?” ಎಂದು ಹಿಂದೆ ಮೂದಲಿಸುತ್ತಿದ್ದವರು ಇದೇ ಅಪ್ಪ. ಆ ಮೂದಲಿಕೆಯ ದನಿಯಾದರೂ ಉಳಿಯಲಿ ಎಂದು ಮಗಳು ಒದ್ದಾಡುತ್ತಿದ್ದಳು.

ವಕೀಲೆ ಚಿಕ್ಕಮ್ಮ ದೃಶ್ಯ ನೋಡಿ ಹುಬ್ಬು ಗಂಟಿಕ್ಕಿದರು. “ಅಂಗಡೀಲಿ ರೇಡಿಯೋ ಇಷ್ಟು ಜೋರಾಗಿತ್ತೇನೇ?”

“ಇಲ್ಲ. ದೃಶ್ಯದ ಕೊನೇಲಿ ಬಿಕೋ ಅಂತಿತ್ತು. ಅದೇ ಹಾಡನ್ನ ಬೇರೆ ಕಡೆಯಿಂದ ತಂದು ನಾನೇ ಜೋರಾಗಿ ಸೇರಿಸ್ದೆ.”

“ಅಯ್ಯೋ ನಿನ್ನ! ಅಂಗಡಿ ತೋರ್ಸೋಕೆ ಹೋದಾಗ ಅಲ್ಲಿದ್ದ ಹಾಡೂ ಒಂಚೂರು ಕೇಳ್ಸಿದ್ರೆ ಕಾನೂನಿನ ಮುಂದೆ ವಾದಿಸ್ಬೋದು. ನೀನು ಅದನ್ನ ಪಲ್ಲಕ್ಕೀಲಿ ಮೆರವಣಿಗೆ ಮಾಡಿದೀಯ. ಸೇರ್ಸಿದ್ದನ್ನ ತೆಗಿ. ಇದ್ದದ್ದು ಇದ್ದಹಾಗೆ ಇರ್ಲಿ. ಅವರಿಗೆ ಉತ್ತರ ನಾನು ಬರೀತೀನಿ.”

ಮಗಳು ತೆಗೆದಳು. ಹಾಡು ಅಂಗಡಿಯ ಮೂಲೆಗೆ ಸರಿಯಿತು. ಫ್ಯಾನಿನ ಗರಗರ ಕೇಳಿತು, ಕತ್ತಿ ಚರ್ಮದ ಮೇಲೆ ಹಾಯುವುದೂ ಕೇಳಿತು. ಅಪ್ಪ ಗಿರಾಕಿಯ ಕಿವಿಯತ್ತ ಬಾಗುವ ಕಡೆ ಮಾತು ಮುಗಿಯಿತೆಂದುಕೊಂಡೇ ಅವಳು ಹಾಡು ಏರಿಸಿದ್ದಳು. ಮಾತು ಮುಗಿದಿರಲಿಲ್ಲ.

“ನನ್ ಮಗಳ್ನ ನೋಡಿದ್ರಾ?” ಎಂದಿತು ಅಪ್ಪನ ಪಿಸುದನಿ. “ಆಗ್ಲಿಂದ ಕ್ಯಾಮೆರಾ ಹಿಡ್ದು ನಿಂತಿದಾಳೆ, ಕೈ ಒಂಚೂರೂ ನಡುಗಿಲ್ಲ. ಈ ಕೈಗೆ ಕತ್ತಿ ಕೊಟ್ಟಿದ್ರೂ ನನ್ನನ್ನ ಮೀರಿಸ್ತಿದ್ಲು. ಅವಳ್ಗೆ ಹೇಳ್ಬೇಡಿ ಮತ್ತೆ, ಕೊಂಬು ಬರುತ್ತೆ.”

ಮಗಳಿಗೆ ಅಳು ಉಕ್ಕಿ ಬಂತು. ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಅಪ್ಪ ಮಾತ್ರ ಸಿಕ್ಕಿಬಿದ್ದ ಕಳ್ಳನ ಹಾಗೆ ಗೋಡೆ ನೋಡುತ್ತಾ ಕೂತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಮಗಳ ಮೊಣಕೈ ತಟ್ಟಿ, ಪರದೆಯತ್ತ ತೋರಿಸಿ, ಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸಲ ಹಾಕು.