ಬದರಿಯ ಕಾಲಳತೆ

ಈಶಣ್ಣ ಡ್ರೈವ್‌ವೇಯಲ್ಲಿ ಮಂಡಿಯೂರಿ, ಟೇಪು ಹಿಡಿದು ದಿವಾಕರನ ಕಾಲು ಅಳೆಯುತ್ತಿದ್ದರು. ಸಾವಿನ ಮನೆಯಲ್ಲಿ ಬದುಕಿರುವವನ ಅಳತೆ ತೆಗೆದದ್ದು ಅಮೆರಿಕದ ಮೆಟುಚೆನ್‌ನಲ್ಲಿ ಅದೇ ಮೊದಲಿರಬೇಕು.

“ಸರಿಯಾಗಿದೆ ಕಣಯ್ಯ. ಬದರಿ ಕಾಲೂ ಇಷ್ಟೇ ಉದ್ದ.”

“ಇನ್ನೊಂದ್ಸಲ ಅಳೀರಿ ಈಶಣ್ಣ, ಶೂ ಹಾಕ್ಕೊಂಡಿದೀನಿ.”

“ಬಿಚ್ಚಿದ್ರೆ ಕಾಲು ಗಿಡ್ಡ ಆಗತ್ತೇನು?”

ಗ್ಯಾರೇಜಿಗೆ ಒರಗಿತ್ತು ಸೈಕಲ್ಲು, 1886ರದ್ದು. ಪೆಟ್ರೋಲಿಗೆ ಮೈಲುದ್ದ ಕ್ಯೂ ಇದ್ದ ಚಳಿಗಾಲದಲ್ಲಿ, ಈಗ ತೀರಿಕೊಂಡ ಗೆಳೆಯ ಬದರೀನಾಥ ಕೊಂಡದ್ದು. ಮುಂದಿನ ಗಾಲಿ ಎದೆಯೆತ್ತರ, ಹಿಂದಿನದು ಊಟದ ತಟ್ಟೆಯಷ್ಟು. ಆ ಕಾಲದಲ್ಲಿ ಸವಾರನ ಕಾಲಿಗೆ ತಕ್ಕಂತೆ ಗಾಲಿ ಮಾಡುತ್ತಿದ್ದರು. ಗಿಡ್ಡ ಕಾಲು ಪೆಡಲ್ಲಿಗೆ ಎಟುಕದು. ಬದರಿ ಸೇರಿದ್ದ ಹಳೇ ಸೈಕಲ್ಲುಗಳ ಕ್ಲಬ್ಬಿನಲ್ಲೊಂದು ಪದ್ಧತಿ: ಸದಸ್ಯ ಸತ್ತರೆ ಹೆಣದ ಗಾಡಿಯ ಹಿಂದೆ ಅವನ ಸೈಕಲ್ಲೂ ಹೋಗಬೇಕು, ತಳ್ಳುವಂತಿಲ್ಲ, ಸವಾರಿಯೇ ಆಗಬೇಕು. ಕ್ಲಬ್ಬಿನಿಂದ ಬಂದಿದ್ದ ಮುದುಕರಿಬ್ಬರೂ ಗಿಡ್ಡ.

ಬದರಿಯ ಹೆಂಡತಿ ಪಂಕಜಾ ಬಾಗಿಲಿಗೆ ಬಂದರು.

“ಸ್ಮಶಾನದವರೆಗೆ ಹೆಗಲ ಮೇಲೆ ಒಯ್ಯೋಕೆ ಇಲ್ಲಿ ಆಗಲ್ಲ ದಿವಾಕರ್. ಇದೊಂದಾದ್ರೂ ಆಗ್ಲಿ. ನಿಮಗೆ ಬರತ್ತಲ್ಲ.”



*

ದಿವಾಕರನಿಗೆ ಬರುತ್ತಿದ್ದದ್ದು ಹತ್ತುವುದು ಮಾತ್ರ. ಹೋದ ಬೇಸಿಗೆಯಲ್ಲಿ ಬದರಿ ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಮೀಟಿ, ಸದ್ದು ಕೇಳಿ ಬಿಗಿಮಾಡಿ, ಎಣ್ಣೆ ಬಿಟ್ಟು, ಅವನನ್ನು ಮೇಲೇರಿಸಿದ್ದ.

“ಬ್ರೇಕ್ ಎಲ್ಲೋ?”

“ಇದೆ, ಹಿಡೀಬೇಡ. ಹಿಡಿದ್ರೆ ತಲೆಕೆಳಗಾಗಿ ಮುಂದಕ್ಕೆ ಬೀಳ್ತೀಯ. ಆ ಕಾಲದಲ್ಲಿ ಎಷ್ಟೋ ಜನ ಹಾಗೇ ಸತ್ತಿದಾರೆ.”

“ಮತ್ತೆ ನಿಲ್ಸೋದು?”

“ಇವತ್ತು ಹತ್ತೋದು ಕಲಿ. ನಿಲ್ಸೋದು ಮುಂದಿನ ಭಾನುವಾರ.”

ಆ ಭಾನುವಾರ ದಿವಾಕರನಿಗೆ ನೆಗಡಿ ಬಂತು. ಪಾರ್ಟಿಗಳಲ್ಲಿ ‘ನಂಗೂ ಬರತ್ತೆ’ ಎನ್ನುವುದಕ್ಕೆ ಮಾತ್ರ ನೆಗಡಿ ಅಡ್ಡಬರಲಿಲ್ಲ.

*

ಹೆಣದ ಗಾಡಿ ಹೊರಟಿತು. ದಿವಾಕರ ಸೈಕಲ್ಲಿನ ಹಿಂಬದಿಯ ಮೆಟ್ಟಿಲಿಗೆ ಕಾಲಿಟ್ಟು, ಕುಪ್ಪಳಿಸಿ ಸೀಟು ಹಿಡಿದ. ಮೇಲಿನಿಂದ ರಸ್ತೆ ಬಾವಿಯ ತಳದಂತೆ ಕಂಡಿತು. ಪೆಡಲ್ಲು ಗಾಲಿಗೇ ಅಂಟಿದ್ದು. ಗಾಲಿ ಉರುಳಿದಷ್ಟೂ ಕಾಲು ತಿರುಗಲೇಬೇಕು.

“ಸ್ಲೋ ಡೌನ್, ದಿವಾಕರ!” ಹಿಂದಿನ ಕಾರಿನಿಂದ ಈಶಣ್ಣನ ಕೂಗು.

“ಅದೇ ಬರಲ್ಲ, ಈಶಣ್ಣ!”

ಮೇನ್ ಸ್ಟ್ರೀಟಿನ ದೀಪ ಕೆಂಪಾಯಿತು. ಹೆಣದ ಗಾಡಿ ನಿಂತಿತು. ಎದುರಿನ ಅಡ್ಡರಸ್ತೆಯಲ್ಲಿ ಟ್ರಕ್ಕುಗಳು ಧಡಧಡನೆ ಹಾಯುತ್ತಿದ್ದವು. ಬ್ರೇಕಿನತ್ತ ಹೋದ ಬೆರಳನ್ನು ದಿವಾಕರ ಹಿಂದಕ್ಕೆಳೆದುಕೊಂಡ. ಹ್ಯಾಂಡಲ್ ಪಕ್ಕಕ್ಕೆ ತಿರುಗಿಸಿ, ಪೆಡಲ್ಲನ್ನು ಕಾಲಲ್ಲಿ ತಡೆದ. ಗಾಲಿ ಓಲಾಡಿ ಇನ್ನೇನು ಬಿತ್ತು ಎನ್ನುವಾಗ ಅಂಗೈ ಯಾವುದಕ್ಕೋ ತಾಗಿತು. ಪಕ್ಕದಲ್ಲೇ ನಿಂತಿದ್ದ ಹೆಣದ ಗಾಡಿಯ ಛಾವಣಿ. ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ಸೈಕಲ್ಲು ನಿಂತಿತು.

ಕೆಳಗೆ ಗಾಜಿನಾಚೆ, ಬದರಿಯ ಪೆಟ್ಟಿಗೆಯ ಮೇಲೆ ಕಾರ್ನೇಷನ್ ಹೂವಿನ ಹಾರ.

ದೀಪ ಹಸಿರಾಯಿತು. ಹಿಂದೆ ಯಾರೋ ಹಾರ್ನ್ ಒತ್ತಿದರು. ದಿವಾಕರ ಕೈ ತೆಗೆಯಲಿಲ್ಲ. ಗಾಡಿ ಅವನನ್ನು ಒರಗಿಸಿಕೊಂಡೇ ಮೆಲ್ಲಗೆ ಮುಂದೆ ಸರಿಯಿತು.