ನಿಧಾನಪ್ಪನವರ ಅರಮನೆ ಗಾಡಿ

ಊರಿನ ರಸ್ತೆಗಳನ್ನು ನಾವೆಲ್ಲ ಕಣ್ಣಿನಿಂದಲೋ ಕಾಲಿನಿಂದಲೋ ಬಲ್ಲೆವು. ನಿಧಾನಪ್ಪನವರು ಮಾತ್ರ ಬೆನ್ನಿನಿಂದ ಬಲ್ಲವರು. ಆಸ್ಪತ್ರೆಗೆ ಹೊಸ ಆಂಬುಲೆನ್ಸ್ ಬರಲಿ, ಹಳೆಯ ರಸ್ತೆಯನ್ನು ಅಗೆದು ಮುಚ್ಚಿರಲಿ, ಅವರು ಮೊದಲು ಸ್ಟೀರಿಂಗ್ ಹಿಡಿಯುತ್ತಿರಲಿಲ್ಲ. ಹಿಂದಿನ ಬಾಗಿಲು ತೆಗೆದು, ಸ್ಟ್ರೆಚರಿನ ಮೇಲೆ ಅಂಗಾತ ಮಲಗಿ, ಎದೆಗೂ ಮೊಣಕಾಲಿಗೂ ಪಟ್ಟಿ ಬಿಗಿಸಿಕೊಂಡು, ಜೊತೆಯ ಡ್ರೈವರಿಗೆ "ಹೊರಡಪ್ಪ" ಎನ್ನುತ್ತಿದ್ದರು. ಹೀಗೆ ಮಲಗಿ ಮಾಡಿದ ಸಂಚಾರಗಳಿಂದಲೇ, ಮಾರುಕಟ್ಟೆ ರಸ್ತೆಯ ಏಳು ಉಬ್ಬುಗಳಲ್ಲಿ ಯಾವುದು ಸೊಂಟಕ್ಕೆ ಹೊಡೆಯುತ್ತದೆ, ಯಾವುದು ಕತ್ತಿಗೆ, ಸೇತುವೆಯನ್ನು ಎಷ್ಟು ವೇಗದಲ್ಲಿ ಹತ್ತಿದರೆ ಮಲಗಿದವನ ಹಲ್ಲು ಒಂದಕ್ಕೊಂದು ತಾಗುವುದಿಲ್ಲ ಎಂಬುದೆಲ್ಲ ಅವರಿಗೆ ಕರತಲಾಮಲಕವಾಗಿತ್ತು. ಎಲ್ಲರ ಕೋಟೂ ಮೊಣಕೈಯಲ್ಲಿ ಸವೆಯುತ್ತದೆ. ಅವರ ಖಾಕಿ ಕೋಟು ಬೆನ್ನಲ್ಲಿ ಸವೆದಿತ್ತು. ಎದುರಿನಿಂದ ನೋಡಿದರೆ ನಿನ್ನೆ ಹೊಲಿಸಿದ್ದು, ಹಿಂದಿನಿಂದ ನೋಡಿದರೆ ಒಳಗಿನ ಅಂಗಿಯ ಗೆರೆ ಎಣಿಸಬಹುದಾದದ್ದು. ಅದಕ್ಕೆ ವರ್ಷಕ್ಕೊಮ್ಮೆ ತೇಪೆ ಹಾಕಿಕೊಡುತ್ತಿದ್ದವರು ಟೈಲರಿಂಗ್ ಅಂಗಡಿ ಇಟ್ಟಿದ್ದ ಅವರ ಅಕ್ಕ. "ಬೆನ್ನು ಹರ್ಕೊಂಡು ಬರೋ ಗಿರಾಕಿ ಇವನೊಬ್ಬನೇ" ಎಂದು ಆಕೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರಂತೆ.

ಆಂಬುಲೆನ್ಸ್ ಓಡಿಸುವವರಿಗೆ ನಿಧಾನಪ್ಪ ಎಂಬ ಅಡ್ಡಹೆಸರು ಬಿದ್ದದ್ದು ಸೋಜಿಗವೇ. ಇಟ್ಟದ್ದು ತುರ್ತು ವಿಭಾಗದ ಹಿರಿಯ ನರ್ಸ್. ತುಂಬಿದ ಕೊಡ ಹೊತ್ತವರಂತೆ ಹಿಮ್ಮಡಿಯನ್ನು ಮೆಲ್ಲಗೆ ಊರಿ ನಡೆಯುವುದು, ಪ್ರತಿ ಮಾತಿನ ಕೊನೆಗೆ "ಅಷ್ಟೇ ವಿಷಯ" ಎಂದು ಮುಚ್ಚಳ ಹಾಕಿ ಸುಮ್ಮನಾಗುವುದು, ಇವನ್ನು ನೋಡಿ ಇಟ್ಟ ಹೆಸರು. ಎದೆನೋವಿನವರನ್ನು ತರುವಾಗ ಅವರಷ್ಟು ಚುರುಕಾಗಿ ಓಡಿಸುವವರು ಬೇರೆ ಇರಲಿಲ್ಲ; ಮೂಳೆ ಮುರಿದವರು ಮಲಗಿದ್ದರೆ ಮಾತ್ರ ಹಿಂದಿನ ಸೈಕಲ್ಲುಗಳೂ ಅವರನ್ನು ದಾಟಿಕೊಂಡು ಹೋಗುತ್ತಿದ್ದವು. ಕೆಲಸಕ್ಕೆ ಸೇರಿದ ಮೊದಲ ವರ್ಷ ಗೋಡೆಯಿಂದ ಬಿದ್ದ ಗಾರೆಯವನೊಬ್ಬನನ್ನು ಗಾಳಿಯಂತೆ ಹಾರಿಸಿಕೊಂಡು ಬಂದಿದ್ದರು. ಬಾಗಿಲು ತೆಗೆದಾಗ ಆತ, "ಅಣ್ಣಾ, ಹೊರಡುವಾಗ ಕಾಲು ಇತ್ತು" ಎಂದನಂತೆ. ಮಲಗಿ ನೋಡುವ ಪರಿಪಾಠ ಆರಂಭವಾದದ್ದು ಅದರ ಮರುದಿನ.

ಇಂಥವರ ಕೈಗೆ ಆ ಹೊಸ ವ್ಯಾನು ಬಂತು. ಕಾರ್ಖಾನೆಯ ಮಾಲೀಕರೊಬ್ಬರು ತಮ್ಮ ತಾಯಿಯ ನೆನಪಿಗೆ ಕೊಟ್ಟ ದಾನ. ಸಿರಿವಂತರ ಕಾರುಗಳನ್ನು ತಯಾರಿಸುವ ಕಂಪನಿಯದು. ಮುಂಭಾಗದಲ್ಲಿ ಊಟದ ತಟ್ಟೆಯಗಲದ ಬೆಳ್ಳಿ ಬಣ್ಣದ ಲಾಂಛನ, ಮುಚ್ಚಿದರೆ ಸದ್ದೇ ಆಗದ ಬಾಗಿಲು, ಒಳಗೆ ಹಾಲು ಬಿಳುಪಿನ ಗೋಡೆ. ಊರು ಅದನ್ನು ಆಂಬುಲೆನ್ಸ್ ಎಂದು ಒಪ್ಪಲೇ ಇಲ್ಲ. ನೆತ್ತಿಯ ದೀಪ ಸುತ್ತುತ್ತಿದ್ದರೂ ಯಾರೋ ಸಿರಿವಂತನ ದರ್ಬಾರು ಎಂದು ಜನ ದಾರಿ ಬಿಡುತ್ತಿರಲಿಲ್ಲ. ರೋಗಿಯ ಮನೆಯವರು ಅಷ್ಟು ಗಾಬರಿಯಲ್ಲೂ ಚಪ್ಪಲಿ ಬಿಟ್ಟು ಒಳಗೆ ಹತ್ತುತ್ತಿದ್ದರು; ಗಾಡಿ ಹೋದ ಮೇಲೆ ರಸ್ತೆಯ ಮಧ್ಯೆ ಮೂರು ನಾಲ್ಕು ಜೊತೆ ಚಪ್ಪಲಿಗಳು ಯಜಮಾನರಿಲ್ಲದೆ ಉಳಿಯುತ್ತಿದ್ದವು. ನಿಧಾನಪ್ಪನವರು ಒಂದು ಪ್ಲಾಸ್ಟಿಕ್ ಬುಟ್ಟಿ ತಂದಿಟ್ಟುಕೊಂಡರು. ಬೈದು ಪ್ರಯೋಜನವಿಲ್ಲವೆಂದು ತಿಳಿದು, ತಾವೇ ಚಪ್ಪಲಿ ಆಯ್ದುಕೊಂಡು ಬುಟ್ಟಿಗೆ ಹಾಕಿ, ಆಸ್ಪತ್ರೆಯಲ್ಲಿ ಇಳಿಸಿಕೊಡುತ್ತಿದ್ದರು.

ಆದರೆ ಅವರು ಆ ಗಾಡಿಯ ಭಟ್ಟಂಗಿಯೂ ಆಗಿರಲಿಲ್ಲ. ಉದ್ದ ಜಾಸ್ತಿ, ಗೋದಾಮಿನ ಹಿಂದಿನ ಮೂರು ಓಣಿಗಳಿಗೆ ನುಗ್ಗುವುದಿಲ್ಲ, ಒಂದು ಕನ್ನಡಿ ಒಡೆದರೆ ಹೊಸದು ಬರಲು ಮೂರು ವಾರ ಎಂದು ಆಸ್ಪತ್ರೆಯ ಮೇಲಧಿಕಾರಿಗೆ ಮುಖಕ್ಕೆ ಹೊಡೆದಂತೆ ಹೇಳಿದವರು ಅವರೇ. "ಎದೆಗೆ ಹಳೇದು, ಬೆನ್ನಿಗೆ ಹೊಸದು. ಅಷ್ಟೇ ವಿಷಯ" ಎಂಬುದು ಅವರ ತೀರ್ಮಾನ. ಮಲಗಿ ನೋಡಿ ಬಂದ ತೀರ್ಮಾನವಾದ್ದರಿಂದ ವೈದ್ಯರೂ ಒಪ್ಪಿಕೊಂಡಿದ್ದರು.

ಒಪ್ಪದವನು ನಾನು. ಆಗ ನಾನು ಸ್ಥಳೀಯ ಪತ್ರಿಕೆಗೆ ವಾರಕ್ಕೊಂದು ಅಂಕಣ ಬರೆಯುತ್ತಿದ್ದೆ. ವಾರಕ್ಕೊಂದು ವಿಷಯ ಬೇಕಿತ್ತು, ವಿಷಯ ಬೆಳ್ಳಿ ಲಾಂಛನ ಧರಿಸಿಕೊಂಡು ಮನೆಯ ಮುಂದೆಯೇ ಹಾದುಹೋಯಿತು. ‘ಅರಮನೆ ಗಾಡಿ’ ಎಂದು ಹೆಸರಿಟ್ಟೆ. ಒಂದರ ಬದಲು ಎರಡು ಸಾಧಾರಣ ವ್ಯಾನು ಬರುತ್ತಿದ್ದವಲ್ಲ ಎಂಬ ನ್ಯಾಯವಾದ ಪ್ರಶ್ನೆಯನ್ನೂ ಕೇಳಿದ್ದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೊನೆಗೊಂದು ಚುರುಕು ಬೇಕೆನ್ನಿಸಿ, "ಈ ಅರಮನೆಯಲ್ಲಿ ಸವಾರಿ ಹೋಗುವವರು ಯಾರೆಂದು ಕೇಳಿ ನೋಡಿ: ಸಿಬ್ಬಂದಿಯ ನೆಂಟರಿಷ್ಟರು" ಎಂದು ಬರೆದುಬಿಟ್ಟೆ. ಯಾರನ್ನೂ ಕೇಳಿರಲಿಲ್ಲ. ವಾಕ್ಯ ಕಿವಿಗೆ ಇಂಪಾಗಿತ್ತು, ಬರೆದೆ.

ಓದಿದವರು ಚಪ್ಪರಿಸಿದರು. ಊರೆಲ್ಲ ಅರಮನೆ ಗಾಡಿ ಎಂದೇ ಕರೆಯತೊಡಗಿತು, ಅದರಲ್ಲಿ ಹೋದವರನ್ನು ಅಕ್ಕಪಕ್ಕದವರು ಛೇಡಿಸತೊಡಗಿದರು. ರೋಗಿಗಳ ಮುಜುಗರ ನೋಡಲಾರದೆ ನಿಧಾನಪ್ಪನವರು ಒಂದು ಉಪಾಯ ಮಾಡಿದರು. ಗಾಯಕ್ಕೆ ಹಾಕುವ ಅಗಲದ ಬಿಳಿ ಪ್ಲಾಸ್ಟರು ತಂದು, ಲಾಂಛನದ ಮೇಲೆ ಅಡ್ಡಡ್ಡ ಉದ್ದುದ್ದ ಅಂಟಿಸಿ ಮುಚ್ಚಿಬಿಟ್ಟರು. ಹೊರಟ ಸ್ವಲ್ಪ ಹೊತ್ತಿಗೇ ಸ್ಟೀರಿಂಗಿನ ಮುಂದೆ ಹಳದಿ ದೀಪ ಹತ್ತಿಕೊಂಡಿತು, ಆರಲೊಲ್ಲದು. ಎರಡು ದಿನದ ಮೇಲೆ ಕಂಪನಿಯ ಮೆಕ್ಯಾನಿಕ್ ಬಂದ. ಚಕ್ರ ಬಿಚ್ಚಿದ, ವೈರು ಎಳೆದು ನೋಡಿದ, ಕೊನೆಗೆ ಎದ್ದು ಮುಂದೆ ಬಂದು ನಿಂತವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಣ್ಣಾ, ಗಾಡಿ ಕಣ್ಣಿಗೇ ಪಟ್ಟಿ ಕಟ್ಟಿದ್ದೀರಲ್ಲ!" ಮುಂದಿನ ವಾಹನ ಹತ್ತಿರವಾದರೆ ತಾನಾಗಿ ಬ್ರೇಕು ಹಾಕಿಸುವ ಯಂತ್ರ ಇರುವುದು ಆ ಲಾಂಛನದ ಹಿಂದೆಯೇ. ನಿಧಾನಪ್ಪನವರು ಪ್ಲಾಸ್ಟರು ಕಿತ್ತು, ಅಂಟನ್ನು ಸ್ಪಿರಿಟ್ಟಿನಿಂದ ಒರೆಸಿ, ಕನ್ನಡಿಯಂತೆ ಹೊಳೆಯುವವರೆಗೂ ಉಜ್ಜಿದರು.

ಇದಾದ ತಿಂಗಳೊಳಗೆ ಒಂದು ಬೆಳಿಗ್ಗೆ ಅವರ ಅಕ್ಕ, ಅಂಗಡಿಯ ಮೇಲಿನ ಅಟ್ಟಣಿಗೆಯಿಂದ ಬಟ್ಟೆಯ ಗಂಟು ಇಳಿಸಲು ಸ್ಟೂಲು ಹತ್ತಿ, ಗಂಟಿನ ಸಮೇತ ಕೆಳಗೆ ಬಿದ್ದರು. ಪಕ್ಕದ ಅಂಗಡಿಯವರು ಆಸ್ಪತ್ರೆಗೆ ಫೋನು ಮಾಡಿದರು. ನಿಧಾನಪ್ಪನವರು ಹೊಸ ಗಾಡಿ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಬಂದರೆ, ಅಂಗಡಿಯಲ್ಲಿ ಅಕ್ಕನೇ ಇಲ್ಲ. ಆ ಗಾಡಿ ಬರುತ್ತಿದೆ ಎಂದು ಕೇಳಿದ್ದೇ ಆಕೆ ಹಟ ಹಿಡಿದು, ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ಮಡಿಸಿಕೊಂಡು ಕೂತು ಹೊರಟುಹೋಗಿದ್ದರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು: ಬೆನ್ನುಮೂಳೆ ಮುರಿದಿದೆ. ಮಧ್ಯಾಹ್ನದ ಹೊತ್ತಿಗೆ ಎಡಗಾಲಿನ ಸ್ಪರ್ಶ ಮಂದವಾಗುತ್ತ ಬಂತು. ನಾಲ್ಕು ಗಂಟೆ ದೂರದ ದೊಡ್ಡ ಆಸ್ಪತ್ರೆಗೆ ಈ ದಿನವೇ ಒಯ್ಯಬೇಕು, ಅಲುಗಾಡದಂತೆ ಒಯ್ಯಬೇಕು, ಇಲ್ಲವಾದರೆ ಎರಡು ಕಾಲೂ ಹೋದಾವು ಎಂದರು ವೈದ್ಯರು. ಆಗಲೂ ಆಕೆಯದು ಒಂದೇ ಮಾತು: ಹಳೇ ಗಾಡಿಯಾದರೆ ಬರುತ್ತೇನೆ.

ಆ ಮಧ್ಯಾಹ್ನ ನನ್ನ ಬಾಗಿಲಲ್ಲಿ ನಿಧಾನಪ್ಪನವರು ನಿಂತಿದ್ದರು. ಅದಕ್ಕೆ ಮುಂಚೆ ನಾವು ಮಾತಾಡಿದವರಲ್ಲ. ಕೋಟಿನ ಜೇಬಿನಿಂದ ಪತ್ರಿಕೆಯ ತುಣುಕೊಂದನ್ನು ತೆಗೆದರು. ನಾಲ್ಕು ಮೂಲೆಗೂ ಅಂಟಿನ ಗುರುತಿತ್ತು.

"ಸಾರ್, ಇದು ನೀವೇ ಬರೆದಿದ್ದಾ?"

ಹೌದೆಂದೆ.

"ಇದನ್ನ ಕೂತ್ಕೊಂಡು ಬರೆದಿದ್ದೀರ. ಒಂದ್ಸಲ ಮಲಗಿ ನೋಡಿ ಬನ್ನಿ. ನಮ್ಮಕ್ಕ ನನ್ನ ಮಾತು ಕೇಳ್ತಿಲ್ಲ, ನಿಮ್ಮ ಮಾತು ನಂಬ್ಕೊಂಡು ಕೂತಿದ್ದಾಳೆ. ನೀವೇ ಬಂದು ಹೇಳ್ಬೇಕು. ಅಷ್ಟೇ ವಿಷಯ."

ಗದರಿದ್ದರೆ ನಾನೂ ಗದರುತ್ತಿದ್ದೆನೇನೋ. ಆ ತಣ್ಣಗಿನ ದನಿ ಕೇಳಿ ಚಪ್ಪಲಿ ಮೆಟ್ಟಿ ಹೊರಟೆ. ಅವರು ಬಂದದ್ದು ಹಳೆಯ ವ್ಯಾನಿನಲ್ಲಿ. ನನ್ನನ್ನು ಅದರಲ್ಲೇ ಮಲಗಿಸಿ ಪಟ್ಟಿ ಬಿಗಿದರು. ಮಾರುಕಟ್ಟೆ ರಸ್ತೆಯ ಮೂರನೆಯ ಉಬ್ಬಿಗೆ ನಾನು ಬೊಬ್ಬೆ ಹಾಕಿದೆ, ಐದನೆಯದಕ್ಕೆ ನಾಲಿಗೆ ಕಚ್ಚಿಕೊಂಡೆ. ನನ್ನ ಬೆನ್ನುಮೂಳೆ ಗಟ್ಟಿಯಾಗಿಯೇ ಇತ್ತು ಎಂಬುದನ್ನು ಓದುಗರು ಮರೆಯಬಾರದು. ಆಸ್ಪತ್ರೆಯಲ್ಲಿ ಕಾಗದಪತ್ರ ಸಿದ್ಧವಾಗುವಷ್ಟರಲ್ಲಿ ನನ್ನನ್ನು ಹೊಸ ಗಾಡಿಯಲ್ಲಿ ಮಲಗಿಸಿ ಅದೇ ರಸ್ತೆಯಲ್ಲಿ ಒಂದು ಸುತ್ತು ತಂದರು. ಉಬ್ಬು ಎಣಿಸೋಣವೆಂದು ಕಾದಿದ್ದೆ. ಎಣಿಕೆ ಎರಡನ್ನು ಮೀರಲಿಲ್ಲ.

ವಾರ್ಡಿನಲ್ಲಿ ಆಕೆ ಸೂರು ನೋಡುತ್ತ ಮಲಗಿದ್ದರು. ಕತ್ತಿನ ಸುತ್ತ ಇನ್ನೂ ಅಳತೆಯ ಟೇಪು ಇತ್ತು, ಯಾರಿಗೂ ತೆಗೆಯಲು ತೋಚಿರಲಿಲ್ಲ. ಎರಡು ಗಾಡಿಯಲ್ಲೂ ಮಲಗಿ ಬಂದೆ, ಹೊಸದರಲ್ಲೇ ಹೋಗಬೇಕು ಎಂದೆ.

"ಅದು ನಂಗೊತ್ತು ಸಾರ್, ನನ್ನ ತಮ್ಮ ಸುಳ್ಳು ಹೇಳೋನಲ್ಲ. ನೆಂಟರು ಅಂತ ಬರೆದಿದ್ರಲ್ಲ, ಅದನ್ನ ನಿಮಗೆ ಹೇಳಿದ್ಯಾರು? ನಾನು ಹತ್ತಿದ್ರೆ ಡ್ರೈವರ್ ಅಕ್ಕಂಗೆ ಅರಮನೆ ಸವಾರಿ ಅಂತಾರೆ. ಇಪ್ಪತ್ತಾರು ವರ್ಷ ಒಂದು ಮಾತು ಅನ್ನಿಸ್ಕೊಳ್ದೆ ಕೆಲಸ ಮಾಡಿದ್ದಾನೆ ಅವ್ನು."

"ಯಾರೂ ಹೇಳಿಲ್ಲಮ್ಮ. ನಾನೇ ಬರೆದೆ."

"ಸುಮ್ನೆ?"

"ಸುಮ್ನೆ."

ಆಕೆ ನನ್ನ ಕಡೆ ಕತ್ತು ತಿರುಗಿಸಲು ನೋಡಿದರು, ಆಗಲಿಲ್ಲ. "ಚೆನ್ನಾಗಿದೆ ಅಂತ ಗೋಡೆಗೆ ಬೇರೆ ಅಂಟಿಸಿದ್ದೆ" ಎಂದರು. ಆಮೇಲೆ ತಮ್ಮನ ಕಡೆಗೆ ಕಣ್ಣು ಹೊರಳಿಸಿ ಹೇಳಿದರು, "ಎತ್ತೋ. ಆ ಲಾಂಛನದ ಮೇಲೊಂದು ಬಟ್ಟೆನಾದ್ರೂ ಹಾಕ್ತೀಯಾ?"

"ಹಾಕಲ್ಲ ಅಕ್ಕಾ. ಅದರ ಹಿಂದೆ ಬ್ರೇಕಿನ ಕಣ್ಣಿದೆ."

"ನಿನ್ನ ಹಟ ನೀ ಬಿಡಲ್ಲ."

"ನಿಂದು ನೀ ಬಿಟ್ಯಲ್ಲ, ಸಾಕು."

ಮುಂದಿನ ಸೀಟಿನಲ್ಲಿ ನಾನೂ ಕೂತು ಹೋದೆ. ಊರು ದಾಟುವವರೆಗೂ ನಮ್ಮನ್ನು ನೋಡಿ ಜನ ಮುಖ ಸಿಂಡರಿಸಿದರು, ಒಬ್ಬ ಬೈಕಿನವನು ಬೇಕೆಂದೇ ಅಡ್ಡ ಬಂದು ನಿಂತ. ನನ್ನ ಅಂಕಣವನ್ನು ಊರು ಎಷ್ಟು ಶ್ರದ್ಧೆಯಿಂದ ಓದಿದೆ ಎಂಬುದು ಅಂದು ತಿಳಿಯಿತು. ನಿಧಾನಪ್ಪನವರು ಹಾರ್ನಿನ ಮೇಲೆ ಒಮ್ಮೆಯೂ ಸಿಟ್ಟು ತೀರಿಸಿಕೊಳ್ಳಲಿಲ್ಲ. ಪ್ರತಿ ಉಬ್ಬಿಗೂ ಮುಂಚೆ "ಅಕ್ಕಾ, ಒಂದು ಬರ್ತಿದೆ" ಎಂದು ಹಿಂದಕ್ಕೆ ಹೇಳುತ್ತ, ಕತ್ತಲಾಗುವ ಮುಂಚೆ ಮುಟ್ಟಿಸಿದರು.

ಬಲಗಾಲು ಉಳಿಯಿತು. ಎಡಗಾಲು ಉಳಿಯಲಿಲ್ಲ. ಮೊದಲೇ ಮಲಗಿಸಿ ತಂದಿದ್ದರೆ ಎರಡೂ ಉಳಿಯುತ್ತಿದ್ದವೇನೋ, ಕಾರಿನಲ್ಲಿ ಕೂತು ಬಂದದ್ದು ತಪ್ಪಾಯಿತು ಎಂದು ಅಲ್ಲಿನ ವೈದ್ಯರು ಹೇಳಿದರು. ಕೂರುವಂತೆ ಮಾಡಿದವನು ಪಕ್ಕದಲ್ಲೇ ನಿಂತಿದ್ದಾನೆಂದು ಅವರಿಗೆ ತಿಳಿಯದು. ಮುಂದಿನ ವಾರವೇ ತಪ್ಪೊಪ್ಪಿಕೊಂಡು ಬರೆದೆ. ಅದನ್ನು ಯಾರೂ ಕತ್ತರಿಸಿ ಗೋಡೆಗೆ ಅಂಟಿಸಲಿಲ್ಲ. ಆಕೆ ಈಗ ಊರುಗೋಲು ಹಿಡಿದು ಅಂಗಡಿಗೆ ಬರುತ್ತಾರೆ. ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡು, ಬಲಗಾಲೊಂದರಿಂದಲೇ ಒತ್ತಿ ಹೊಲಿಯುತ್ತಾರೆ.

ಒಂದು ದಿನ ಆಸ್ಪತ್ರೆಯ ಅಂಗಳದಲ್ಲಿ ನಿಧಾನಪ್ಪನವರು ಬಕೆಟ್ಟಿನಲ್ಲಿ ನೀರು ಹಿಡಿಯುತ್ತಿದ್ದರು. ಎಷ್ಟೋ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿಯೇಬಿಟ್ಟೆ.

"ನಾನು ಆ ಮಾತು ಬರೆಯದೆ ಇದ್ದಿದ್ರೆ ಅಕ್ಕನವರ ಕಾಲು ಉಳೀತಿತ್ತಾ?"

ಅವರು ನಲ್ಲಿ ನಿಲ್ಲಿಸಿದರು. "ಉಳೀತಿತ್ತು ಸಾರ್" ಎಂದರು. ಬಕೆಟ್ಟು ಎತ್ತಿಕೊಂಡು, ಒಂದು ಹನಿಯೂ ತುಳುಕದಂತೆ ಗಾಡಿಯ ಕಡೆಗೆ ನಡೆದರು.

ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ನೋಯುವವನು ಮಲಗುವ ಜಾಗದಲ್ಲಿ ತಾವು ಮೊದಲು ಮಲಗಿ ನೋಡದೆ ಅವರು ಯಾವುದರ ಬಗೆಗೂ ಮಾತಾಡುವುದಿಲ್ಲ, ಆದ್ದರಿಂದ ಅವರಾಡುವುದು ಕಡಿಮೆ, ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಪ್ರಸಂಗವೂ ಅವರಿಗೆ ಬರುವುದಿಲ್ಲ. ಕೇಳಿದರೆ ನಿಜ ಹೇಳುತ್ತಾರೆ. ಅದರ ಮೇಲೆ ಶಾಪವನ್ನೋ ಸಮಾಧಾನವನ್ನೋ ಸೇರಿಸುವುದಿಲ್ಲ. ಎರಡರಲ್ಲಿ ಒಂದನ್ನಾದರೂ ಸೇರಿಸಿದ್ದರೆ ನನ್ನಂಥ ಮಾತಿನವರು ಅದನ್ನು ಹಿಡಿದುಕೊಂಡು ಹೇಗೋ ಹಗುರವಾಗುತ್ತಿದ್ದೆವು.